ಕತ್ತರಿಯಕ್ಕನ ನಾಲ್ಕು ಬೆಂಚು

ಆ ಶರ್ಟು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಹೊಲಿದು ಬಂದ ಶರ್ಟುಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ. ಹದಿನೇಳು ವರ್ಷದಿಂದ ಅದೇ ಮೇಜು, ಸೊಂಟಕ್ಕೆ ನೇತುಹಾಕಿಕೊಂಡ ಅದೇ ಪುಟ್ಟ ಕತ್ತರಿ. ಕ್ಷೌರದ ಅಂಗಡಿ ಇಟ್ಟಿದ್ದ ಅವಳ ಗಂಡ ಮಾತ್ರ ಆ ಅಡ್ಡಹೆಸರಿಗೆ ಬೇರೆ ಕಾರಣ ಹೇಳುತ್ತಿದ್ದ: “ನಮ್ಮನೇಲಿ ಎರಡು ಕತ್ತರಿ ಕಣ್ರಪ್ಪಾ. ನನ್ನದು ಕೂದಲಿಗೆ, ಅವಳದು ಕಿವಿಗೆ.”

ಕಾರ್ಖಾನೆಯಲ್ಲಿ ನಾಲ್ಕು ಹೊಲಿಗೆ ಸಾಲುಗಳು. ಕಾಲರಿನ ಸಾಲಿನಲ್ಲಿ ಗುಡ್ಡದ ಸೀಮೆಯ ಹೆಂಗಸರು, ತೋಳಿನ ಸಾಲಿನಲ್ಲಿ ಕಡಲ ತೀರದವರು, ಪಕ್ಕದ ಹೊಲಿಗೆಗೆ ಗಡಿಯಾಚೆಯವರು, ಗುಂಡಿ ಕಾಜಾಕ್ಕೆ ನದಿಯಾಚೆಯವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಊರಿನವರು ಕಟಿಂಗಿನಲ್ಲೂ ದಾರದ ಮೇಜಿನಲ್ಲೂ ಇದ್ದರು. ಒಂದೊಂದು ಸಾಲಿಗೂ ಅವರ ಮಾತು ಬಲ್ಲ ಒಬ್ಬ ಮೇಸ್ತ್ರಿ. ಮ್ಯಾನೇಜರು ಹೇಳಿದ್ದು ಮೇಸ್ತ್ರಿಯ ಬಾಯಿಂದಲೇ ಕೆಳಗಿಳಿಯಬೇಕು. ಕೆಳಗಿನವರು ಹೇಳಿದ್ದು ಮೇಲೇರುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಲರಿನ ಸಾಲಿನಲ್ಲಿ ಹೊಸದಾಗಿ ಸೇರಿದ ಹುಡುಗಿಯ ತೋರುಬೆರಳಿಗೆ ಸೂಜಿ ಉಗುರಿನ ಮೇಲಿಂದಲೇ ನಾಟಿತು. ಹುಡುಗಿ ಒಂದೇ ಮಾತನ್ನು ಮೂರು ಸಲ ಕೂಗಿದಳು. ಮೇಸ್ತ್ರಿ ಅಲ್ಲಿರಲಿಲ್ಲ. ಹತ್ತಿರವಿದ್ದವಳು ಕತ್ತರಿಯಕ್ಕ. ‘ಬಿಡಿಸಿ, ಬಿಡಿಸಿ’ ಎನ್ನುತ್ತಿದ್ದಾಳೆ ಎಂದು ತಿಳಿದು ಓಡಿಹೋಗಿ, ಹುಡುಗಿಯ ಕೈ ಹಿಡಿದು ಎಳೆದೇಬಿಟ್ಟಳು. ಸೂಜಿ ಒಳಗೇ ಮುರಿಯಿತು, ಅರ್ಧ ಉಗುರು ಕಿತ್ತುಬಂತು.

ಎರಡು ದಿನದ ಮೇಲೆ ಮೇಸ್ತ್ರಿಯನ್ನು ಕೇಳಿದಳು, “ಆವತ್ತು ಆ ಮಗು ಏನಂತ ಕೂಗ್ತಿತ್ತು?”

“ಎಳೀಬೇಡಿ ಅಂತ,” ಎಂದ ಮೇಸ್ತ್ರಿ. “ಚಕ್ರ ತಿರುಗಿಸಿ ಸೂಜಿ ಎತ್ತಬೇಕಿತ್ತು ಅಕ್ಕಾ. ಹೋಗ್ಲಿ ಬಿಡಿ, ನಿಮಗೆ ಹೇಗೆ ಗೊತ್ತಾಗಬೇಕು?”

ಆ ‘ಹೋಗ್ಲಿ ಬಿಡಿ’ ಎಂಬುದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹದಿನೇಳು ವರ್ಷ ಒಂದೇ ಸೂರಿನ ಕೆಳಗೆ ದುಡಿದು, ನೋವಾದವರು ಏನು ಹೇಳುತ್ತಾರೆಂದು ತಿಳಿಯದ ಮೇಲೆ ತಾನು ಮನುಷ್ಯಳೋ ಮರದ ಕೊರಡೋ? ‘ಎಳೀಬೇಡಿ’ ಎಂಬ ಆ ಮಾತನ್ನು ಮೇಸ್ತ್ರಿಯಿಂದ ನಾಲ್ಕು ಸಲ ಹೇಳಿಸಿ ಬಾಯಿಪಾಠ ಮಾಡಿಕೊಂಡಳು. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ನಾಳೆ ತೋಳಿನ ಸಾಲಿನಲ್ಲಿ ಯಾರಿಗಾದರೂ ಸೂಜಿ ನಾಟಿದರೆ? ಕಾಜಾ ಸಾಲಿನಲ್ಲಿ?

ಕಲಿತರೆ ನಾಲ್ಕೂ ಮಾತು ಒಟ್ಟಿಗೇ ಎಂದು ಅವಳು ತೀರ್ಮಾನಿಸಿದಳು.

ಮನೆಯಲ್ಲಿ ಮಗಳು ತಲೆ ಚಚ್ಚಿಕೊಂಡಳು. ಅವಳು ಶಾಲೆಯಲ್ಲಿ ಭಾಷೆಯನ್ನೇ ಪಾಠ ಹೇಳುವವಳು. “ಅಮ್ಮಾ, ಹಾಗೆಲ್ಲ ಕಲಿಯೋಕಾಗಲ್ಲ. ಒಂದು ಗಟ್ಟಿಯಾಗ್ಲಿ, ಆಮೇಲೆ ಇನ್ನೊಂದು. ಇಲ್ಲದಿದ್ರೆ ಎಲ್ಲಾ ಕಲಸುಮೇಲೋಗರ ಆಗುತ್ತೆ. ಎರಡು ದೋಣಿ ಮೇಲೆ ಕಾಲಿಟ್ಟವರೇ ಮುಳುಗ್ತಾರೆ, ನೀನು ನಾಲ್ಕು ಅಂತೀಯ.”

“ಯಾವುದನ್ನ ಮೊದಲು ಕಲೀಲಿ, ನೀನೇ ಹೇಳು. ಗುಡ್ಡದವರದ್ದು ಕಲಿತ್ರೆ ಕಡಲಿನವರು ಇವಳು ಅವರ ಪಕ್ಷ ಅಂತಾರೆ. ಕಡಲಿನವರದ್ದು ಕಲಿತ್ರೆ ನದಿಯವರು ಮುಖ ತಿರುಗಿಸ್ತಾರೆ. ಒಬ್ಬರದ್ದು ಮುಗಿಸಿ ನಾಲ್ಕನೆಯವರ ಹತ್ತಿರ ಹೋಗೋ ಹೊತ್ತಿಗೆ ನನ್ನ ಹಲ್ಲೆಲ್ಲ ಉದುರಿರುತ್ತೆ.”

“ನಾಲ್ಕನೇ ಕ್ಲಾಸು ಓದಿದವಳು ನೀನು.”

“ಅದಕ್ಕೇ ಕ್ಲಾಸಿಗೊಂದು ಮಾತು,” ಎಂದಳು ಕತ್ತರಿಯಕ್ಕ. “ಒಲೆ ಮೇಲೆ ಒಂದು ಪಾತ್ರೆ ಇಳಿಸಿದ ಮೇಲೇ ಇನ್ನೊಂದು ಇಡು ಅಂತ ಯಾವ ಹೆಂಗಸಿಗಾದ್ರೂ ಹೇಳು, ಅದೇ ಸೌಟಲ್ಲಿ ಬಾರಿಸ್ತಾಳೆ.”

ಊಟದ ಕೋಣೆಯಲ್ಲಿ ಒಂದೊಂದು ಸಾಲಿಗೂ ಒಂದೊಂದು ಉದ್ದ ಬೆಂಚಿತ್ತು. ಸೋಮವಾರ ಅವಳು ತನ್ನ ಡಬ್ಬಿ ಹಿಡಿದು ಕಾಲರಿನವರ ಬೆಂಚಿಗೆ ಹೋಗಿ ಕೂತಳು. ಗೂಢಚಾರಿ ಬಂದಂತೆ ಅವರೆಲ್ಲ ಮಾತು ನಿಲ್ಲಿಸಿದರು. ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗಿಯ ಮುಂದೆ ಕತ್ತರಿಯಕ್ಕ ತನ್ನ ಬೆರಳೆತ್ತಿ ‘ಎಳೀಬೇಡಿ’ ಎಂದು ಅವಳ ಮಾತಿನಲ್ಲೇ ಹೇಳಿ, ಕೈಮುಗಿದಳು. ಹುಡುಗಿ ಪಕ್ಕಕ್ಕೆ ಸರಿದು, ಬೆಂಚಿನಲ್ಲಿ ಇನ್ನೊಂದಿಷ್ಟು ಜಾಗ ಬಿಟ್ಟಳು.

ಮಂಗಳವಾರ ತೋಳಿನವರ ಬೆಂಚು, ಬುಧವಾರ ಪಕ್ಕದ ಹೊಲಿಗೆ, ಗುರುವಾರ ಕಾಜಾ. ಶುಕ್ರವಾರ ಎಲ್ಲ ಬೆಂಚಿಗೂ ಒಂದು ಸುತ್ತು, ಕಲಿತದ್ದನ್ನು ಒಪ್ಪಿಸಲು. ಶನಿವಾರ ತನ್ನವರೊಂದಿಗೆ. ಯಾವ ದಿನ ಯಾವ ಬೆಂಚೋ ಆ ದಿನ ಬಾಯಲ್ಲಿ ಅದೇ ಮಾತು. ಬಾರದಿದ್ದರೆ ಕೈಸನ್ನೆ. ತನ್ನ ಮಾತಿಗೆ ಮಾತ್ರ ರಜೆ. ವಾರಕ್ಕೆ ಹತ್ತೇ ಪದ, ಆದರೆ ಹತ್ತೂ ಎಲ್ಲ ನಾಲ್ಕು ಬೆಂಚಿನಲ್ಲಿ: ಸೂಜಿ, ನೋವು, ನಿಲ್ಲಿಸು, ಯಾರು ಹೇಳಿದರು, ಹೌದಾ, ಸುಳ್ಳು, ಇಂಥವು. ಸೋಮವಾರ ಕಲಿತದ್ದರಲ್ಲಿ ಅರ್ಧ ಮುಂದಿನ ಸೋಮವಾರಕ್ಕೆ ಹಾರಿಹೋಗಿರುತ್ತಿತ್ತು. ಅವಳು ನಾಚದೆ ಮತ್ತೆ ಕೇಳುತ್ತಿದ್ದಳು. ಎರಡನೆಯ ಸಲ ಕೇಳಿದ್ದು ಮೊಳೆ ಹೊಡೆದಂತೆ ಕೂರುತ್ತಿತ್ತು.

ಮಗಳು ಹೇಳಿದ ಕಲಸುಮೇಲೋಗರವೂ ಆಯಿತು. ಗುಡ್ಡದವರ ಮಾತಿನಲ್ಲಿ ಸೂಜಿಗೆ ಏನೆನ್ನುತ್ತಾರೋ, ನದಿಯಾಚೆಯವರ ಮಾತಿನಲ್ಲಿ ಗಂಡನಿಗೆ ಹೆಚ್ಚುಕಡಿಮೆ ಅದನ್ನೇ ಅನ್ನುತ್ತಾರೆ. ಒಂದು ಗುರುವಾರ ಕಾಜಾ ಸಾಲಿನ ದಪ್ಪ ಹೆಂಗಸೊಬ್ಬಳನ್ನು ಅವಳು ಕಾಳಜಿಯಿಂದ ವಿಚಾರಿಸಿದಳು, “ನಿನ್ನ ಗಂಡ ಮುರಿದನಂತೆ, ಸ್ಟೋರಿನಲ್ಲಿ ಬೇರೆ ಕೊಟ್ಟರಾ?” ಬೆಂಚು ಬೆಂಚೇ ಉರುಳಾಡಿ ನಕ್ಕಿತು. ಆ ಹೆಂಗಸು ಕಣ್ಣೊರೆಸಿಕೊಂಡು ಹೇಳಿದಳು, “ಕೊಡೋ ಹಾಗಿದ್ರೆ ನಾನೇ ಯಾವತ್ತೋ ಮುರೀತಿದ್ದೆ.” ಅಷ್ಟುದ್ದದ ಮಾತು ತನಗೆ ತಿಳಿಯಿತೆಂದು ಕತ್ತರಿಯಕ್ಕನಿಗೆ ಹೊಳೆದದ್ದು ನಕ್ಕು ಮುಗಿದ ಮೇಲೆ.

ಅವಳ ಸ್ವಂತ ಬೆಂಚಿನವರಿಗೇ ಇದು ಸರಿಬರಲಿಲ್ಲ. ಕಟಿಂಗ್ ಮಾಸ್ತರು ಒಂದು ಶನಿವಾರ ಕೇಳಿಯೇಬಿಟ್ಟರು, “ನಮ್ಮೂರಿಗೆ ಬಂದವರು ನಮ್ಮ ಮಾತು ಕಲೀಬೇಕಮ್ಮ. ನೀನ್ಯಾಕೆ ಅವರ ಹಿಂದೆ ಅಲೀತೀಯ?”

“ಕಲೀಲಿ ಮಾಸ್ತರೇ. ನೀವು ಯಾವಾಗಿಂದ ಕಲಿಸ್ತೀರಿ, ಹೇಳಿ, ಕರ್ಕೊಂಡು ಬರ್ತೀನಿ. ನಾನು ನಾಲ್ಕು ಪದ ಕಲಿಯೋ ಹೊತ್ತಿಗೆ ಅವರು ನಮ್ಮದು ಎಂಟು ಕಲ್ತಿರ್ತಾರೆ.”

ಮಾಸ್ತರು ಡಬ್ಬಿಯ ಮುಚ್ಚಳ ಹುಡುಕತೊಡಗಿದರು.

ಇಷ್ಟು ಸುದ್ದಿ ಮೇಸ್ತ್ರಿಗಳ ಮೇಲಿನ ಸೂಪರ್‌ವೈಸರನ ಕಿವಿಗೆ ಬೀಳದೆ ಇರುತ್ತದೆಯೇ? ಮುಂದಿನ ವಾರ ಗೋಡೆಯ ಮೇಲೆ ಕಾಗದ ಅಂಟಿತು: ತಮ್ಮ ಬೆಂಚು ಬಿಟ್ಟು ಬೇರೆಡೆ ಕೂರುವಂತಿಲ್ಲ. ಊಟದ ಗಂಟೆಯೂ ಸಾಲಿಗೊಂದು ಸಮಯಕ್ಕೆ ಬದಲಾಯಿತು. ಸೂಪರ್‌ವೈಸರು ಅವಳ ಮೇಜಿನ ಬಳಿ ಬಂದು, “ಇನ್ನು ಯಾವ ಬೆಂಚಿಗೆ ಹೋಗ್ತೀರಾ ಅಕ್ಕಾ?” ಎಂದು ಹಲ್ಲು ಬಿಟ್ಟ.

“ಕೂರೋದು ತಾನೇ ಬೇಡ ಅಂದಿದ್ದು? ನಿಂತೇ ಕಲೀತೀನಿ.”

ನಲ್ಲಿಯ ಮುಂದೆ, ಕಾರ್ಖಾನೆಯ ಬಸ್ಸಿನಲ್ಲಿ, ಚೀಲ ತಪಾಸಣೆಯ ಸಾಲಿನಲ್ಲಿ ಅವಳ ಸರದಿ ನಡೆಯಿತು. ಆದರೂ ಸಮಯ ಸಾಲುತ್ತಿರಲಿಲ್ಲ. ಆಗ ದಾರಿ ಕಂಡುಹಿಡಿದವಳು ಕಾಲರಿನ ಆ ಹುಡುಗಿ. ಹೊಲಿದ ಕಟ್ಟುಗಳನ್ನು ಸಾಲು ಸಾಲಿನಿಂದಲೂ ದಾರದ ಮೇಜಿಗೇ ತಂದು ಹಾಕಬೇಕಷ್ಟೆ? ಅವಳು ಕಟ್ಟು ಇಡುವಾಗ ಒಂದು ಪದ ಹೇಳಿ, ಕತ್ತರಿಯಕ್ಕ ಅದನ್ನು ಸರಿಯಾಗಿ ತಿರುಗಿ ಹೇಳುವವರೆಗೆ ಕಟ್ಟಿನ ಹಗ್ಗ ಬಿಡದೆ ನಿಲ್ಲತೊಡಗಿದಳು. ಇದನ್ನು ನೋಡಿ ತೋಳಿನವರು, ಅವರನ್ನು ನೋಡಿ ಉಳಿದವರು. ಬೆಂಚುಗಳ ಸುತ್ತ ಅವಳು ತಿರುಗುವುದು ತಪ್ಪಿತು. ನಾಲ್ಕು ಮಾತುಗಳೇ ಗಂಟೆಗೊಂದು ಸಲ ಅವಳ ಮೇಜಿನ ಸುತ್ತ ತಿರುಗತೊಡಗಿದವು. ಕಟ್ಟು ತರಬೇಡಿ ಎಂದು ಯಾವ ಸೂಪರ್‌ವೈಸರು ಕಾಗದ ಅಂಟಿಸುತ್ತಾನೆ?

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ದಿನ ಮಧ್ಯಾಹ್ನ ಮೇಸ್ತ್ರಿಗಳು ಸಹಿಯ ಹಾಳೆ ಹಿಡಿದು ಸಾಲುಗಳಿಗೆ ಇಳಿದರು. ಆರ್ಡರು ಜಾಸ್ತಿ, ಇನ್ನು ಆರು ತಿಂಗಳು ವಾರದ ರಜೆ ಇಲ್ಲ, ಎಲ್ಲರೂ ಸಹಿ ಹಾಕಬೇಕು. ದಾರದ ಮೇಜಿಗೆ ಸೂಪರ್‌ವೈಸರೇ ಬಂದ. “ಉಳಿದ ನಾಲ್ಕು ಸಾಲಿನವರೂ ಒಪ್ಪಿ ಸಹಿ ಹಾಕಿದ್ದಾರೆ. ನೀವೊಬ್ಬರೇ ಬಾಕಿ.”

ಅದೇ ಹೊತ್ತಿಗೆ ಕಾಜಾ ಸಾಲಿನ ದಪ್ಪ ಹೆಂಗಸು ಕಟ್ಟು ತಂದಳು. “ನಿಮ್ಮವರೆಲ್ಲ ಆಗಲೇ ಸಹಿ ಹಾಕಿಬಿಟ್ರಂತೆ?” ಎಂದು ಅವಳೇ ನೊಂದುಕೊಂಡು ಕೇಳಿದಳು.

“ಯಾರು ಹೇಳಿದರು?” ಎಂದಳು ಕತ್ತರಿಯಕ್ಕ, ಅವಳ ಮಾತಿನಲ್ಲಿ.

“ಮೇಸ್ತ್ರಿ.”

ಕತ್ತರಿಯಕ್ಕ ಕತ್ತರಿ ಕೆಳಗಿಟ್ಟಳು. ಸ್ಟೂಲು ಎಳೆದು, ಅದರ ಮೇಲಿಂದ ಮೇಜನ್ನೇ ಹತ್ತಿದಳು. ಐವತ್ತರ ಹತ್ತಿರದ ಮಂಡಿ ಲಟಕ್ಕೆಂದಿತು. ಮೊದಲು ಗುಡ್ಡದವರ ಮಾತಿನಲ್ಲಿ ‘ನಿಲ್ಲಿಸಿ’ ಎಂದು ಕೂಗಿದಳು, ಆಮೇಲೆ ಕಡಲಿನವರದರಲ್ಲಿ, ಗಡಿಯವರದರಲ್ಲಿ, ನದಿಯವರದರಲ್ಲಿ. ಒಂದೊಂದೇ ಸಾಲಿನ ಮಷೀನು ಸುಮ್ಮನಾಗುತ್ತ ಬಂತು. ಅಷ್ಟು ನಿಶ್ಶಬ್ದವನ್ನು ಆ ಕಟ್ಟಡ ಹಗಲಿನಲ್ಲಿ ಕೇಳಿರಲಿಲ್ಲ. ಅವಳು ನಾಲ್ಕೂ ಮಾತಿನಲ್ಲಿ ಒಂದನ್ನೇ ಹೇಳಿದಳು: “ಸಹಿ ಹಾಕಿದವರು ಕೈಯೆತ್ತಿ.”

ಒಂದು ಕೈಯೂ ಮೇಲೇಳಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಎಲ್ಲರೂ ಮೇಸ್ತ್ರಿಗಳನ್ನು ನೋಡಿದರು.

ಮ್ಯಾನೇಜರು ಮಹಡಿಯಿಂದ ದಡದಡ ಇಳಿದುಬಂದರು. ಕೋಪದಲ್ಲಿ ಮೇಸ್ತ್ರಿಗಳನ್ನು ಕರೆಯುವಷ್ಟೂ ತಾಳ್ಮೆ ಇರಲಿಲ್ಲ. “ಇಷ್ಟೆಲ್ಲ ಬರುತ್ತಲ್ಲ ನಿಂಗೆ, ಹಾಗಾದ್ರೆ ಇದನ್ನೂ ಹೇಳು. ಈ ಕುರಿಗಳು ಹತ್ತು ನಿಮಿಷದಲ್ಲಿ ಮಷೀನು ಹತ್ತದಿದ್ರೆ ಎಲ್ಲರನ್ನೂ ಗೇಟಿನಾಚೆ ಹಾಕ್ತೀನಿ ಅಂತ.”

“ಹಾಗೇ ಹೇಳ್ಲಾ ಸಾರ್?”

“ಹಾಗೇ ಹೇಳು!”

ಅವಳು ಹಾಗೇ ಹೇಳಿದಳು, ಒಂದಕ್ಷರ ಬಿಡದೆ, ಕುರಿಗಳ ಸಮೇತ. ಗುಡ್ಡದವರ ಮಾತಿನಲ್ಲಿ ಕುರಿ ಅವಳಿಗೆ ಬರುತ್ತಿತ್ತು. ಕಡಲ ತೀರದವರ ಮಾತಿನಲ್ಲಿ ಕುರಿಗೆ ಏನೆನ್ನುತ್ತಾರೋ ಕಲಿತಿರಲಿಲ್ಲ. ಒಂದು ಕ್ಷಣ ತಡವರಿಸಿ, ಮ್ಯಾನೇಜರನ್ನು ತೋರಿಸಿ, ಹೆಂಗಸರನ್ನು ತೋರಿಸಿ, “ಬ್ಯಾ” ಎಂದಳು.

“ಏಯ್, ಅದನ್ನೆಲ್ಲ ಹೇಳ್ಬೇಡ!” ಎಂದು ಮ್ಯಾನೇಜರು ಕಿರುಚಿದರು.

ಅದನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು.

ನಗು ಮೊದಲು ಕಾಜಾ ಸಾಲಿನಿಂದ ಎದ್ದಿತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಕಾಲರಿನ ಹುಡುಗಿ ತನ್ನ ಮುಂದಿದ್ದ ಹಾಳೆಯನ್ನು ಮಡಿಸಿ ಮೇಸ್ತ್ರಿಯ ಜೇಬಿಗೆ ತುರುಕಿದಳು. ಅವಳ ಹಿಂದೆಯೇ ಎಲ್ಲರೂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಹತ್ತು ನಿಮಿಷ ಕಳೆಯಿತು, ಇಪ್ಪತ್ತೂ ಕಳೆಯಿತು. ಯಾರನ್ನೂ ಗೇಟಿನಾಚೆ ಹಾಕಲಿಲ್ಲ. ಆರ್ಡರು ಜಾಸ್ತಿ ಎಂದು ಅವರೇ ಹೇಳಿದ್ದರಲ್ಲ, ಹೊರಗೆ ಹಾಕಿದರೆ ಹೊಲಿಯುವವರು ಯಾರು? ಸಂಜೆಯ ಗಂಟೆಗೆ ಮುಂಚೆ ಹಾಳೆಗಳು ವಾಪಸು ಹೋದವು, ವಾರದ ರಜೆ ಉಳಿಯಿತು.

ಮೂರನೆಯ ದಿನ ಮ್ಯಾನೇಜರು ಅವಳನ್ನು ಮೇಲೆ ಕರೆಸಿ, ಕೂರಲು ಕುರ್ಚಿ ಕೊಟ್ಟರು. ದಾರ ಕತ್ತರಿಸುತ್ತ ಕಣ್ಣು ಹಾಳುಮಾಡಿಕೊಳ್ಳುವುದೇಕೆ? ಆಫೀಸಿನಲ್ಲಿ ಕೂರಬಹುದು. ನಾಲ್ಕು ಸಾಲಿನವರು ಏನೇನು ಮಾತಾಡಿಕೊಳ್ಳುತ್ತಾರೆ ಎಂದು ಆಗಾಗ ತಿಳಿಸಿದರೆ ಸಾಕು.

“ಅವರು ಮಾತಾಡೋದು ನಿಮಗೆ ತಿಳೀಬೇಕು ಅಂದ್ರೆ ದಾರಿ ಇದೆ ಸಾರ್,” ಎಂದಳು ಕತ್ತರಿಯಕ್ಕ. “ಸೋಮವಾರ ಕಾಲರಿನವರ ಬೆಂಚು. ಡಬ್ಬಿ ತಗೊಂಡು ಬನ್ನಿ.”

ಮಾರನೆಯ ದಿನವೇ ಅವಳನ್ನು ಕೆಳಗಿನ ಪ್ಯಾಕಿಂಗ್ ಕೋಣೆಗೆ ಹಾಕಿದರು. ಕಿಟಕಿ ಇಲ್ಲದ ಕೋಣೆ. ಅಲ್ಲಿ ಡಬ್ಬ ಅಂಟಿಸುವವರೆಲ್ಲ ಬಯಲುಸೀಮೆಯ ಗಂಡಸರು, ಮಾತು ಐದನೆಯದು. ಅಲ್ಲಾದರೂ ಬಾಯಿ ಮುಚ್ಚಿಕೊಂಡಿರಲಿ ಎಂಬ ಲೆಕ್ಕ.

ಮನೆಯಲ್ಲಿ ಸುದ್ದಿ ಕೇಳಿ ಮಗಳು ತಿದ್ದುತ್ತಿದ್ದ ನೋಟುಪುಸ್ತಕ ಮುಚ್ಚಿಟ್ಟಳು. ಆಮೇಲೆ, “ಆವತ್ತು ಮೇಜಿನ ಮೇಲೆ ನಿಂತು ಹೇಳಿದೆಯಲ್ಲ, ಅದನ್ನ ಒಂದು ಸಲ ಹೇಳಿ ತೋರಿಸು,” ಎಂದಳು. ಅಮ್ಮ ಹೇಳಿದಳು. ಆ ನಾಲ್ಕರಲ್ಲಿ ಒಂದನ್ನು ಮಗಳು ಕಾಲೇಜಿನಲ್ಲಿ ಓದಿದ್ದಳು.

“ವ್ಯಾಕರಣ ಪೂರ್ತಿ ತಪ್ಪಮ್ಮ.”

“ತಪ್ಪೇ ಇರ್ಲಿ. ಮಷೀನು ನಿಂತ್ವೋ ಇಲ್ವೋ?”

ಮಗಳು ಒಳಗೆ ಹೋಗಿ, ಗೆರೆ ಹಾಕಿದ ಒಂದು ಹೊಸ ಪುಸ್ತಕ ತಂದು, ಹಾಳೆಯನ್ನು ಉದ್ದಕ್ಕೆ ಐದು ಭಾಗ ಮಾಡಿ ಗೀರಿ ಕೊಟ್ಟಳು. ಕ್ಷೌರದಂಗಡಿಯವನು ಇಣುಕಿ ನೋಡಿ, “ಇನ್ನು ನನ್ನ ಜೊತೆ ಮಾತಾಡೋಕೆ ಯಾವ ವಾರ?” ಎಂದ.

“ವಾರದ ರಜೆ ಉಳಿಸ್ಕೊಂಡಿದ್ದೀನಲ್ಲ,” ಎಂದಳು ಅವಳು, ಮೊದಲ ಸಾಲು ಬರೆಯುತ್ತ.