ರೂಟ್ ಕೆನಾಲ್ ಕುರ್ಚಿಯಲ್ಲಿ ಲೋಕಲ್ ಹತ್ತಿದ್ದು

ಗೆಳೆಯರೇ, ಇವತ್ತು ಡೊಂಬಿವಲಿಯಲ್ಲಿ ನನ್ನ ಹಲ್ಲಿನ ರೂಟ್ ಕೆನಾಲ್ ಆಯಿತು. ಕುರ್ಚಿಗೆ ಒರಗಿದ್ದೇ ತಡ, ಎರಡೂ ಕೈಯಲ್ಲಿ ಅದರ ಹಿಡಿಕೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಡಾಕ್ಟರ್ ನಮ್ಮ ಹೌಸಿಂಗ್ ಸೊಸೈಟಿಯ ಶೆಟ್ಟರ ಮಗಳೇ. "ಅಂಕಲ್, ನೋವಾದ್ರೆ ಎಡಗೈ ಎತ್ತಿ. ಕಣ್ಣು ಮುಚ್ಚಿ, ದಿನಾ ಮಾಡೋದು ಏನಾದ್ರೂ ನೆನೆಸ್ಕೊಳ್ಳಿ, ಟೆನ್ಶನ್ ಹೋಗುತ್ತೆ" ಅಂದಳು.

ನಾನು ದಿನಾ ಮಾಡೋದು ಬೆಳಗಿನ ಮುಂಬಯಿ ಲೋಕಲ್ ರೈಲಿನಲ್ಲಿ ಹ್ಯಾಂಡಲ್ ಹಿಡಿದು ನಿಂತೇ ಪ್ರಯಾಣ. ಅದನ್ನೇ ನೆನೆಸಿಕೊಂಡೆ. ಮಷಿನ್ ಗುರ್ರ್ ಅಂತು, ತಲೆಯೊಳಗೆ ಗಾಡಿ ಹೊರಟಿತು, ಎಡಗೈ ತಾನಾಗಿಯೇ ಮೇಲೆ ಹೋಗಿ ಹ್ಯಾಂಡಲ್ ಹುಡುಕಿತು.

ಆಕೆ ಗಾಬರಿಯಾಗಿ ಮಷಿನ್ ನಿಲ್ಲಿಸಿದಳು. "ನೋವಾಯ್ತಾ?" ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಮತ್ತೆ ಶುರು, ಮತ್ತೆ ಕೈ ಮೇಲೆ. "ಅಂಕಲ್, ಹೀಗಾದ್ರೆ ಸಂಜೆವರೆಗೂ ಮುಗಿಯಲ್ಲ!"

ಸಂಜೆವರೆಗೆ ಅಂದದ್ದು ಕೇಳಿ, ಬಾಯಲ್ಲಿದ್ದ ಹತ್ತಿ ತೆಗೆಸಿ, ಕೈ ಎತ್ತಿದ್ದು ನೋವಿಗಲ್ಲ, ಗಾಡಿಯ ಹ್ಯಾಂಡಲ್ ಹಿಡಿಯೋದಕ್ಕೆ ಅಂತ ಹೇಳಿದೆ.

ಅವಳಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಸೀಟು ಸಿಕ್ಕಿದೆ ಅಂದ್ಕೊಳ್ಳಿ."

ಡೊಂಬಿವಲಿಯಲ್ಲಿ ಹತ್ತುವವನಿಗೆ, ಹಿಂದಿನ ಸ್ಟೇಷನ್‌ಗಳಲ್ಲೇ ತುಂಬಿ ಬರುವ ಬೆಳಗಿನ ಗಾಡಿಯಲ್ಲಿ ಸೀಟು! ಅಷ್ಟು ದೊಡ್ಡ ಸುಳ್ಳು ನಂಬೋದಕ್ಕಿಂತ ನೋವೇ ವಾಸಿ ಅಂತ, ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟು, ಕಣ್ಣು ಬಿಟ್ಟುಕೊಂಡೇ ಬಾಯಿ ತೆರೆದೆ.