ಕೆಳಪೇಟೆಯನ್ನು ಉಳಿಸಿಕೊಟ್ಟ ವರ್ಲಾ ಸ್ಟೋಲ್ಟ್ಸ್

ಭೂಗೋಳವೆಂದರೆ ಬೆಟ್ಟ, ನದಿ, ರಾಜಧಾನಿಗಳ ಬಾಯಿಪಾಠವೆಂದೇ ನಡೆದುಬಂದಿದ್ದ ಅಯೋವಾದ ಶಾಲೆಗಳಲ್ಲಿ, ಮಕ್ಕಳು ಮೊದಲು ತಮ್ಮ ಊರಿನ ನೆಲವನ್ನೂ ಅದರ ಮೇಲೆ ಬಾಳಿದ ಜನರನ್ನೂ ಅರಿಯಬೇಕೆಂದು ನಂಬಿ, ಹಾಗೆಯೇ ಕಲಿಸಿ, ಇದೀಗ ನಿವೃತ್ತರಾಗುತ್ತಿರುವ ವರ್ಲಾ ಸ್ಟೋಲ್ಟ್ಸ್ ಅವರ ಸ್ಥಾನ ವಿಶಿಷ್ಟವಾದುದು.

ಅವರು ಹುಟ್ಟಿದ್ದು ಕೋಲ್ಟನ್ ಫೋರ್ಕ್‌ನಲ್ಲಿ ಎರಡು ನದಿಗಳು ಕೂಡುವ ತಗ್ಗಿನ ಕೆಳಪೇಟೆಯಲ್ಲಿ. ಓದು ಮುಗಿಸಿ ಊರಿನ ಪ್ರೌಢಶಾಲೆಗೇ ಅಧ್ಯಾಪಕಿಯಾಗಿ ಬಂದ ಕೆಲವು ವರ್ಷಗಳಲ್ಲಿ ಮಹಾಪ್ರವಾಹ ಬಂತು. ನೀರಿಳಿದ ಮೇಲೆ ನಗರಸಭೆ ಅಲ್ಲಿನ ಮನೆಗಳನ್ನೆಲ್ಲ ಕೊಂಡು ಕೆಡವಿಸಿತು. ಜನ ಅರಿಜೋನಾ, ಟೆಕ್ಸಸ್, ಮಗಳ ಮನೆ, ತಮ್ಮನ ಮನೆ ಎಂದು ಚದುರಿಹೋದರು. ಊರಿನ ಜನಸಂಖ್ಯೆಯ ದೊಡ್ಡದೊಂದು ಪಾಲು ಕರಗಿತು. ಹಾಗೆ ಹೋದವರಲ್ಲಿ, ಪಕ್ಕದ ಜಿಲ್ಲೆ ಸೇರಿದ್ದ ಒಬ್ಬ ಹುಡುಗಿ ತನ್ನ ಹಳೆಯ ಸಹಪಾಠಿಗಳೊಡನೆಯೇ ತೇರ್ಗಡೆಯಾಗಲೆಂದು ವರ್ಲಾ ಅವರು ಆ ಚಳಿಗಾಲವಿಡೀ ಭಾನುವಾರಗಳಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗಿ ಪಾಠ ಹೇಳಿ ಬಂದರು.

ಬಹುಕಾಲದ ನಂತರ ಆ ಬಯಲನ್ನು ಮರಳು ತೆಗೆಯುವ ಕಂಪನಿಗೆ ಮಾರಲು ನಗರಸಭೆ ಹೊರಟಿತು. ಸಭೆಯಲ್ಲಿ ವರ್ಲಾ ಎದ್ದು ನಿಂತು ಬೇಡವೆಂದರು.

"ಅಲ್ಲೀಗ ಯಾರಿದಾರೆ ವರ್ಲಾ? ಹುಲ್ಲು, ಮೊಲ," ಎಂದು ಮೇಯರ್ ಹಾಲ್ವರ್ಸನ್ ನಕ್ಕರು.

"ಯಾರಿದ್ರು ಅಂತ ತೋರಿಸ್ತೀನಿ. ಸೆಪ್ಟೆಂಬರ್‌ವರೆಗೂ ತಡ್ಕೊಳ್ಳಿ."

ಊರೂರಿಗೆ ಫೋನು ಮಾಡಿ ಅವರು ಕೆಳಪೇಟೆಯವರನ್ನು ಕರೆಸಿದರು. ಸೆಪ್ಟೆಂಬರಿನಲ್ಲಿ ಜನ ಆಲೂಗಡ್ಡೆಯ ಸಲಾಡು, ಬೇಯಿಸಿದ ಮೆಕ್ಕೆಜೋಳ ಕಟ್ಟಿಕೊಂಡು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿಳಿದರು. ವರ್ಲಾ ಒಬ್ಬೊಬ್ಬರನ್ನೂ ಅವರವರ ಮನೆಯಿದ್ದ ಜಾಗದಲ್ಲಿ ನಿಲ್ಲಿಸುತ್ತ ಹೋದರು. ಮುದುಕರಾಗಿದ್ದ ಕ್ಷೌರಿಕ ಓಡೆಲ್ ಪ್ರೂಯಿಟ್ ಹುಲ್ಲಿನಲ್ಲಿ ದಾರಿ ತಪ್ಪಿದವರಂತೆ ಸುತ್ತುತ್ತಿದ್ದರು.

"ಎಲ್ಲಾ ಒಂದೇ ಥರ ಕಾಣ್ತಿದೆಯಲ್ಲೇ ಮಾರಾಯ್ತಿ! ನನ್ನಂಗಡಿ ಎಲ್ಲಿತ್ತು?"

"ಈ ಕಡೆ ಬನ್ನಿ ಓಡೆಲ್. ನೀವೀಗ ನಿಂತಿರೋದು ನಿಮ್ಮ ಪಕ್ಕದ್ಮನೆ ಮಾರ್ಜೊರಿಯ ಬಚ್ಚಲಲ್ಲಿ."

"ಅಯ್ಯೋ, ಅವಳಿದ್ದಿದ್ರೆ ಪೊರಕೆ ಹಿಡ್ಕೊಂಡು ಬರೋಳು!"

ಎಲ್ಲರೂ ನಕ್ಕರು. ತಮ್ಮ ಜಾಗಕ್ಕೆ ಬಂದದ್ದೇ ಓಡೆಲ್ ಇಲ್ಲದ ಬಾಗಿಲಿನ ಹಿಡಿಗೆ ಕೈಚಾಚಿ, ಹಾಗೆಯೇ ನಿಂತುಬಿಟ್ಟರು.

ದಿಬ್ಬದ ಮೇಲಿಂದ ನೋಡುತ್ತಿದ್ದ ಮೇಯರ್‌ಗೆ ನೆಲದ ಮೇಲೆ ಬೀದಿಗಳು ಮೂಡಿದ್ದು ಕಂಡಿತು. ಜನ ನಿಂತಲ್ಲಿಂದಲೇ ಎದುರುಮನೆಯವರನ್ನು ಕೂಗಿ ಮಾತಾಡಿಸುತ್ತಿದ್ದರು. ತೀರಿಹೋದವರ ಜಾಗಗಳು ಮಾತ್ರ ಅಲ್ಲಲ್ಲಿ ಖಾಲಿ ಉಳಿದಿದ್ದವು. ಕೆಳಗಿಳಿದು ಬಂದ ಮೇಯರ್ ನಗಲಿಲ್ಲ.

"ಪೂರ್ತಿ ಉಳಿಸೋಕೆ ನನ್ನಿಂದಾಗಲ್ಲ ವರ್ಲಾ. ರೈಲುಹಳಿ ಪಕ್ಕದ ತುಂಡೊಂದು ಕಂಪನಿಗೆ ಕೊಟ್ಟುಬಿಡೋಣ, ಮಿಕ್ಕಿದ್ದು ಇವರಿಗಿರಲಿ."

ಆ ತುಂಡಿನಲ್ಲಿ ಇದ್ದದ್ದು ಹೆಚ್ಚಾಗಿ ಗೋದಾಮುಗಳು, ಮನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದರಲ್ಲಿ ವರ್ಲಾ ಹುಟ್ಟಿದ್ದರು, ಅವರ ತಾಯಿ ಕಣ್ಮುಚ್ಚಿದ್ದರು. ವರ್ಲಾ ಹಳಿಯ ಕಡೆಗೊಮ್ಮೆ ನೋಡಿ, "ಆಯ್ತು. ಬೀದಿಗಳ ಹೆಸರು ಮಾತ್ರ ನಕಾಶೆಯಿಂದ ತೆಗೀಬೇಡಿ," ಎಂದಷ್ಟೇ ಹೇಳಿದರು. ಅವರ ಮನೆಯೂ ಆ ತುಂಡಿನಲ್ಲೇ ಇತ್ತೆಂಬ ವಿಷಯ ಮೇಯರ್‌ಗೆ ಓಡೆಲ್ ಅವರಿಂದ ತಿಳಿಯುವ ಹೊತ್ತಿಗೆ ಮಾರಾಟ ಮುಗಿದಿತ್ತು.

ಇಂದು ಮರಳು ತೆಗೆದ ಗುಂಡಿಯಲ್ಲಿ ನೀರು ನಿಂತಿದೆ. ಕೆಳಪೇಟೆಯವರು ವರ್ಷವರ್ಷವೂ ಬರುತ್ತಾರೆ. ಒಂದೆರಡು ಕುಟುಂಬಗಳು ದಿಬ್ಬದ ಮೇಲೆಯೇ ಮನೆ ಮಾಡಿವೆ. ಸಂಜೆ ಶಾಲೆ ಬಿಟ್ಟ ಮೇಲೆ ವರ್ಲಾ ಆ ನೀರಿನ ದಡದಲ್ಲಿ ಕೂರುವುದುಂಟು. ಬೇಸರವಾಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ಅವರೆಂದರು: "ಆಗುತ್ತೆ. ಅಮ್ಮ ಕನಸಲ್ಲಿ ಬಂದು ಮನೆ ಎಲ್ಲಿ ಅಂತ ಕೇಳಿದ್ರೆ ನೀರು ತೋರಿಸ್ಬೇಕಲ್ಲ."

ಊರಿನ ಮಕ್ಕಳಿಗಾಗಿ ಅವರು ಬರೆಯುತ್ತಿರುವ ಕೋಲ್ಟನ್ ಫೋರ್ಕ್‌ನ ಭೂಗೋಳ ಪೂರ್ಣಗೊಳ್ಳಲಿ. ಅದಕ್ಕೆ ಬೇಕಾದ ಆಯುಸ್ಸು, ಕಣ್ಣು, ಕಾಲುಗಳ ಕಸುವು ಅವರಿಗೆ ಯಥೇಚ್ಛವಾಗಿ ಒದಗಲಿ. ಊರವರಿಗೆಲ್ಲ ಅವರವರ ಹೊಸಿಲು ಹುಡುಕಿಕೊಟ್ಟ ಇವರು ಮುಂದೆ ಯಾವ ಸಂಜೆಯೂ ಆ ದಡದಲ್ಲಿ ಒಂಟಿಯಾಗಿ ಕೂರದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.