ಚೀನಾದ ಹೊಳೆಗೆ ನಾನು ಹೊಯ್ದ ನೀರು

ಹೋದ ವಾರ ಮೊಮ್ಮಗಳು ಬಕೆಟ್ ತುಂಬ ಕೆರೆಯ ಹೂಳು ತಂದು ಜಗಲಿಯ ಮೇಲೆ ಸುರಿದಳು. ಸ್ಕೂಲಲ್ಲಿ ಚೀನಾದ ಪಾಠವಂತೆ, ಮಾಡೆಲ್ ಮಾಡಬೇಕಂತೆ. ಬೈಯಲು ಬಾಯಿ ತೆಗೆದೆ, ಆ ಹಸಿ ಹೂಳಿನ ವಾಸನೆ ಮೂಗಿಗೆ ಬಡಿಯಿತು. ಅದೇ ವಾಸನೆ... ಮೇಷ್ಟ್ರು ನೆನಪಾದರು.

ಆಗ ನಾನು ಸಿಂಗಟಗೆರೆ ಕಡೆಯ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಮೇಷ್ಟ್ರು ಏಳನೇ ಕ್ಲಾಸಿಗೆ ಸಮಾಜ ಹೇಳಿಕೊಡುತ್ತಿದ್ದರು. ಒಣಕಲು ಮನುಷ್ಯ, ಅಂಗಿಯ ತುಂಬ ಸೀಮೆಸುಣ್ಣ. ನನ್ನ ಮಗಳೂ ಅದೇ ಕ್ಲಾಸಿನಲ್ಲಿದ್ದಳು.

ಒಂದು ದಿನ ಅವರು ಮಕ್ಕಳನ್ನು ಅಂಗಳಕ್ಕೆ ಕರೆತಂದು, ನಮ್ಮ ಕೆರೆಯ ಹೂಳಿನಲ್ಲೇ ಚೀನಾ ದೇಶ ಮಾಡಿಸಿದರು. ಉತ್ತರಕ್ಕೆ ಮೇಲೊಂದು ಹೊಳೆ, ದಕ್ಷಿಣಕ್ಕೆ ಕೆಳಗೊಂದು ಹೊಳೆ. ನನ್ನ ಹತ್ತಿರ ಒಂದು ಹಿಡಿ ನವಣೆ, ಒಂದು ಹಿಡಿ ಅಕ್ಕಿ ಇಸಿದುಕೊಂಡರು. ಉತ್ತರದ ಒಣ ಹಳದಿ ಮಣ್ಣಿಗೆ ನವಣೆ, ದಕ್ಷಿಣದ ನೀರು ನೆಲಕ್ಕೆ ಅಕ್ಕಿ. ನಡುವೆ ಕಡ್ಡಿಯಲ್ಲಿ ಕಾಲುವೆ ಗೀರಿದರು. ಸಾವಿರ ವರ್ಷದ ಹಿಂದೆ ಆ ಕಾಲುವೆಯಲ್ಲೇ ರಾಜನ ಊರಿಗೆ ಅಕ್ಕಿ ದೋಣಿಯಲ್ಲಿ ಹೋಗುತ್ತಿತ್ತಂತೆ.

"ಯಾರು ಏನು ಉಣ್ಬೇಕು, ಎಲ್ಲಿ ಊರು ಕಟ್ಬೇಕು ಅಂತ ರಾಜ ಅಲ್ಲ ಕಣ್ರೋ, ನೆಲ ಹೇಳ್ತಿತ್ತು" ಎಂದರು.

ಮೇಲಿನ ಹೊಳೆ ಹೂಳು ಹೊತ್ತು ತರುತ್ತದೆ, ತಳ ಮೇಲೇಳುತ್ತದೆ, ಜನ ದಡದ ಮಣ್ಣಿನ ಏರಿ ಎತ್ತರಿಸುತ್ತಾರೆ. ಮತ್ತೆ ಹೂಳು, ಮತ್ತೆ ಏರಿ. ಕೊನೆಗೆ ಹೊಳೆಯೇ ಮನೆಗಳಿಗಿಂತ ಮೇಲಂತೆ. ಮಕ್ಕಳು ಏರಿಯ ಕೆಳಗೆ ಬೆಂಕಿಪೊಟ್ಟಣದ ಮನೆಗಳನ್ನು ಜೋಡಿಸಿದರು. ನನಗೆ ರೇಗಿತು.

"ಚೀನಾದೋರು ನಮಗೆ ನೆಂಟ್ರೇನ್ರೀ ಮೇಷ್ಟ್ರೇ? ಸಾರು ಆರ್ತಾ ಐತೆ, ಮಕ್ಳು ಹಸ್ಕೊಂಡು ಕೂತವ್ರೆ."

"ಒಂದೂರು ಮುಳುಗಿಸಿ ಬಂದ್ಬಿಡ್ತೀವಿ ಅಕ್ಕ. ತಗೊಳ್ಳಿ, ನೀವೇ ಹೊಯ್ಯಿರಿ" ಎಂದು ನನ್ನ ಕೈಗೇ ಚೊಂಬು ಕೊಟ್ಟರು.

ಹೊಯ್ದೆ. ಏರಿ ಒಡೆಯಿತು. ಪೊಟ್ಟಣಗಳೆಲ್ಲ ಕೊಚ್ಚಿಕೊಂಡು ನನ್ನ ಕಾಲ ಬಳಿಗೆ ಬಂದವು. ಒಂದರ ಮೇಲೆ ನನ್ನ ಮಗಳ ಅಕ್ಷರ: ನಮ್ಮ ಮನೆ.

"ಸಾ, ನಮ್ ಕೆರೇನೂ ಹಿಂಗೇ ಅಲ್ವಾ?" ಎಂದಳು ಮಗಳು. "ನಮ್ಮಪ್ಪ ಕೋಡಿ ಮೇಲೆ ಮಣ್ಣಿನ ಚೀಲ ಇಟ್ಟವ್ರೆ."

ಚೊಂಬು ಕೆಳಗಿಟ್ಟೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹೋಗುವುದೇ ಕೋಡಿಯಿಂದ. ತೆಂಗಿಗೆ ಇನ್ನೊಂದು ತಿಂಗಳು ನೀರು ನಿಲ್ಲಲಿ ಎಂದು ಯಜಮಾನರು ಅದಕ್ಕೆ ಚೀಲ ಅಡ್ಡ ಇಟ್ಟಿದ್ದರು. ಆ ಚೀಲಗಳಿಗೆ ಮಣ್ಣು ತುಂಬಿದವಳು ನಾನೇ. ಏರಿಯ ಕೆಳಗೇ ನಮ್ಮ ಮನೆ, ನಮ್ಮ ಕೇರಿ. ದಿನಾ ಓಡಾಡುವ ಜಾಗ, ಒಂದು ದಿನವೂ ಹೊಳೆದಿರಲಿಲ್ಲ...

ನನ್ನ ಮೇಲಿನ ಸಿಟ್ಟನ್ನೆಲ್ಲ ಮೇಷ್ಟ್ರ ಮೇಲೆ ಕಾರಿದೆ. "ಮಕ್ಳ ಮುಂದೆ ನನ್ನ ಮಾನ ಕಳೆದ್ರಲ್ಲ! ಇದೇನಾ ಪಾಠ?"

"ನಾನು ಚೀನಾದ್ದು ಹೇಳ್ದೆ ಅಕ್ಕ" ಎಂದರು ಮೆಲ್ಲಗೆ. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ.

ಮಾರನೇ ಬೆಳಗ್ಗೆ ಕುಡುಗೋಲು ಹಿಡಿದು ಹೋಗಿ ಚೀಲಗಳನ್ನೆಲ್ಲ ಸೀಳಿಹಾಕಿದೆ. "ತೆಂಗು ಒಣಗಿದ್ರೆ ನಿನ್ ಮೇಷ್ಟ್ರು ಬಂದು ನೀರು ಹೊಯ್ತಾನೇನೇ?" ಎಂದು ಯಜಮಾನರು ಕೂಗಾಡಿದರು. ಆ ಮಳೆಗಾಲ ಮೂರು ದಿನ ಕೋಡಿ ಹರಿಯಿತು. ಏರಿ ನಿಂತಿತು. ಅಷ್ಟರಲ್ಲಿ ಮೇಷ್ಟ್ರಿಗೆ ಅಜ್ಜಂಪುರದ ಕಡೆಗೆ ವರ್ಗವಾಗಿತ್ತು. ಬಸ್ಸು ಹತ್ತಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಜಂಬ.

ಹೋದ ವಾರ, ಹೂಳಿನ ವಾಸನೆ ಬಂದ ದಿನವೇ, ಮಗಳಿಂದ ಫೋನ್ ಮಾಡಿಸಿದೆ. ಎತ್ತಿದ್ದು ಅವರ ಹೆಂಡತಿ. ಮೇಷ್ಟ್ರು ತೀರಿಹೋಗಿ ಎರಡು ವರ್ಷವಾಯಿತಂತೆ. ಫೋನನ್ನು ಮಗಳ ಕೈಗೆ ಕೊಟ್ಟೆ. ಚೀಲ ತೆಗೆದೆ ಎಂದು ಇನ್ನು ಯಾರಿಗೆ ಹೇಳುವುದು?

ಅಷ್ಟರಲ್ಲಿ ಮಾಡೆಲ್ ಮುಗಿಸಿದ್ದ ಮೊಮ್ಮಗಳು ಜಗಲಿಯಿಂದ ಚೊಂಬು ಚಾಚಿದಳು. "ಅಜ್ಜೀ, ನೀನೇ ಹೊಯ್ಯಿ."

ಅವಳೂ ಏರಿಯ ಕೆಳಗೆ ಜೋಡಿಸಿದ್ದ ಬೆಂಕಿಪೊಟ್ಟಣದ ಮನೆಗಳನ್ನೆಲ್ಲ ಮೊದಲು ಆಚೆ ತೆಗೆಸಿದೆ. ಆಮೇಲೆ ಹೊಯ್ದೆ.